ಅಣ್ಣನ ಮದುವೆಗೆ ಮೆಶ್ ಪ್ಯಾಡು

ಮೇ ಹನ್ನೊಂದು, ಭಾನುವಾರ, ಮಧ್ಯಾಹ್ನ ಎರಡೂ ಹತ್ತು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಊಟ ಮುಗಿದು ಅವ್ವ ಮಲಗಿದ್ದಳು. ನಾನು ನನ್ನ ಎಲೆಕ್ಟ್ರಾನಿಕ್ ಡ್ರಮ್ಮಿನ ನಾಲ್ಕೂ ಹಳೆಯ ರಬ್ಬರ್ ಪ್ಯಾಡು ಬಿಚ್ಚಿ, ಹೊಸ ಮೆಶ್ ಪ್ಯಾಡು ಕೂಡಿಸುವ ಮಹತ್ಕಾರ್ಯಕ್ಕೆ ವಿಧ್ಯುಕ್ತವಾಗಿ ಕೈಹಾಕಿದೆ. ಅಂದಾಜು ಸಮಯ: ಒಂದು ತಾಸು. ಅಂದಾಜು ತೊಂದರೆ: ಇಲ್ಲ!

ಅವಸರಕ್ಕೆ ಕಾರಣವಿತ್ತು. ನಾಲ್ಕು ದಿನಕ್ಕೆ ಹುಮನಾಬಾದಿನಲ್ಲಿ ಅಣ್ಣನ ಮದುವೆ. ಗೊತ್ತು ಮಾಡಿದ್ದ ಬ್ಯಾಂಡನ್ನು "ಬ್ಯಾಡ, ನಾನ ಬಾರಸ್ತೀನಿ" ಎಂದು ನಾನೇ ಹಟ ಹಿಡಿದು ಬಿಡಿಸಿದ್ದೆ. ಅಣ್ಣ ಒಂದೇ ಮಾತು ಹೇಳಿದ್ದ: "ಬೀಗರ ಮುಂದ ಮರ್ಯಾದಿ ಉಳಸವಾ ತಂಗಿ. ಅಷ್ಟ ಸಾಕು."

ಮೆಶ್ ಪ್ಯಾಡೆಂದರೆ ರಬ್ಬರಿನ ಬದಲು ಬಿಗಿದು ಕಟ್ಟಿದ ಬಲೆಬಟ್ಟೆ. ಕೆಳಗೆ ಕುಳಿತ ಸೆನ್ಸರ್ ಪೆಟ್ಟು ಗುರುತಿಸುತ್ತದೆ, ಪಕ್ಕದ ಪೆಟ್ಟಿಗೆ ಸದ್ದು ಹೊರಡಿಸುತ್ತದೆ. ಸುತ್ತಲಿನ ಸ್ಕ್ರೂಗಳನ್ನು ಎದುರುಬದುರು ಬಿಗಿಯಬೇಕಂತೆ. ನಾನು ಶಿಸ್ತಿನವಳು, ಸಾಲಾಗಿ ಬಿಗಿದೆ. ಬಟ್ಟೆ ಒಂದು ಕಡೆ ಹಲಿಗೆಯಾಯಿತು, ಇನ್ನೊಂದು ಕಡೆ ಜೋಳಿಗೆಯಾಯಿತು!

ಬಿಚ್ಚಿ ಮತ್ತೆ ಬಿಗಿದೆ. ಇನ್ನು ಉಳಿದದ್ದು ಸೆನ್ಸಿಟಿವಿಟಿ, ಅಂದರೆ ಎಷ್ಟು ಮೆಲ್ಲಗೆ ಹೊಡೆದರೆ ಸದ್ದು ಬರಬೇಕೆಂಬ ಲೆಕ್ಕ. ಕೋಲು ಎತ್ತಿದೆ. ಒಳಗಿನಿಂದ ಅವ್ವನ ದನಿ ಬಂತು.

"ಏ ಹುಡಗಿ, ಈಗರೆ ಕಣ್ಣು ಹತ್ತಾಕತ್ತಾವ. ಸುಮ್ಮ ಕೂಡ್ತಿ ಇಲ್ಲ?"

ಕೋಲು ಇಟ್ಟು ಬೆರಳಿನಿಂದ ಮುಟ್ಟಿದೆ. ಸದ್ದಿಲ್ಲ. ಸೆನ್ಸಿಟಿವಿಟಿ ಏರಿಸಿದೆ. ಇನ್ನೂ ಇಲ್ಲ. ಪೆಟ್ಟಿಗೆಯಲ್ಲಿ ಅಂಕಿ ಮುಗಿಯುವವರೆಗೂ ಏರಿಸಿದೆ. ಆಗ ಉಗುರು ತಾಗಿದರೂ ಹೆಡ್‌ಫೋನಿನಲ್ಲಿ ಧುಮ್! ದಿನಚರಿಯಲ್ಲಿ ಬರೆದೆ: "ಪ್ಯಾಡು ನಾಲ್ಕು. ದೋಷ ಸೊನ್ನೆ."

ಮದುವೆಯ ದಿನ ಕಾಕಾ ಡ್ರಮ್ಮನ್ನು ವೇದಿಕೆಯ ಮೇಲೆ, ವಧುವರರು ನಿಲ್ಲುವ ಜಾಗದ ಬೆನ್ನಿಗೇ ಇಡಿಸಿದರು. "ಫೋಟೋದಾಗ ಬರ್ಲಿ, ಛಲೋ ಕಾಣ್ತದ." ಮದುವೆ ಹಾಲಿನ ದೊಡ್ಡ ಸ್ಪೀಕರಿಗೆ ವಾಯರ್ ಜೋಡಿಸಿ ಸ್ವಿಚ್ ಹಾಕಿದೆ. ಅಷ್ಟರಲ್ಲಿ ಕರೆ ಬಂತು. ವರನ ತಂಗಿ ಕಳಸಗಿತ್ತಿ; ಕಳಸ ಹಿಡಿದು ಅಣ್ಣನ ಹಿಂದೆ ನಿಲ್ಲಬೇಕು. ನಿಂತೆ. ಎರಡೂ ಕೈ ಕಳಸಕ್ಕೆ ಸಮರ್ಪಿತ.

ಅಯ್ಯನವರು ಮಂಗಳಾಷ್ಟಕದ ಮೊದಲ ಪದ್ಯ ಮುಗಿಸಿ "ಸಾವಧಾನ" ಎಂದರು. ಅಕ್ಷತೆ ಹಾರಿತು. ನಮ್ಮ ಕಡೆ ಅಕ್ಷತೆಗೆ ಅಕ್ಕಿಯ ಜೊತೆ ಬಣ್ಣ ಹಚ್ಚಿದ ಜೋಳವೂ ಇರುತ್ತದೆ. ಅದನ್ನು ಯಾರೂ ಹಾಕುವುದಿಲ್ಲ, ಬೀಸಿ ಒಗೆಯುತ್ತಾರೆ! ವಧುವರರ ತಲೆ ದಾಟಿದ ಜೋಳವೆಲ್ಲ ನನ್ನ ಪ್ಯಾಡುಗಳ ಮೇಲೆ ಬಿತ್ತು.

ಧಡಧಡ ಧುಮ್ ಧುಮ್ ಛನ್!

ಅಯ್ಯನವರು ಛಾವಣಿ ನೋಡಿದರು. ಅಣ್ಣ ತಿರುಗದೆಯೇ ಪಿಸುಗುಟ್ಟಿದ, "ಏನವಾ ಅದು?"

"ಜೋಳ ಅಣ್ಣಾ!"

"ಕಾಕಾ, ಸದ್ದಿನ ಆ ದೊಡ್ಡ ಗುಂಡಿ ತಿರುವ್ರಿ! ಪೂರಾ ಎಡಕ್ಕ!" ಎಂದೆ. ಕಾಕಾ ತಿರುವಿದರು, ಪೂರಾ, ನಿಷ್ಠೆಯಿಂದ. ಆದರೆ ಅವರು ನಿಂತದ್ದು ಪೆಟ್ಟಿಗೆಯ ಹಿಂದೆ. ಅವರ ಎಡ ಪೆಟ್ಟಿಗೆಗೆ ಬಲ! ಎರಡನೆಯ "ಸಾವಧಾನ"ಕ್ಕೆ ಮೊದಲ ಸಾಲಿನ ಮಕ್ಕಳೆಲ್ಲ ಅತ್ತವು. ಮೂರನೆಯದಕ್ಕೆ ಹಿಂದಿನ ಸಾಲಿನವರೂ ಅಕ್ಷತೆ ಒಗೆಯಲು ಮುಂದೆ ಓಡಿಬಂದರು. ಕೊನೆಯ ಪದ್ಯದವರೆಗೂ ಜೋಳ ತನ್ನ ಕಚೇರಿ ನಡೆಸಿತು. ನಾನು ಕಳಸದೊಳಗೆ ಮುಳುಗಲು ಜಾಗ ಹುಡುಕಿದೆ.

ಎಲ್ಲ ಮುಗಿದ ಮೇಲೆ ವಧುವಿನ ತಂದೆ ನಮ್ಮತ್ತಲೇ ಬಂದರು. ಅಣ್ಣನ ಮುಖ ಬಿಳಚಿತು.

"ಭಾರಿ ಆತ್ರಿ! ಸಾವಧಾನ ಅಂದಕೂಡ್ಲೆ ಹೊಡಿಯೂದು ನಮ್ಮ ಹುಮನಾಬಾದದಾಗ ಯಾರೂ ಮಾಡಿದ್ದಿಲ್ಲ ನೋಡ್ರಿ. ಯಾರ್ದು ಕೈ?"

"ನನ್ನ ತಂಗೀದ್ರಿ!" ಅಣ್ಣನ ಎದೆ ಉಬ್ಬಿತು.

"ಹೌದೇನವಾ? ಹಂಗಾರ ಇನ್ನೊಮ್ಮೆ ಆಗಲಿ!"

ಮರ್ಯಾದೆ ಉಳಿದಿತ್ತು. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ! ಕೋಲು ಹಿಡಿದು ಕುಳಿತು, ತಿಂಗಳುಗಟ್ಟಲೆ ಕಲಿತ ತಾಳ ಎತ್ತಿದೆ. ಒಂದು ಪ್ಯಾಡಿಗೆ ಹೊಡೆದರೆ ಆ ಅದುರಿಗೆ ನಾಲ್ಕೂ ಒದರತೊಡಗಿದವು. ಬೀಗರ ನಗು ಮೆಲ್ಲಗೆ ಇಳಿಯಿತು.

"ತಂಗಿ, ದಣದೀ ಅನಸ್ತದ. ಮೊದಲಿನಂಗ ಬಾರಸವಾ" ಎಂದರು ಬೀಗರು.

ಕಾಕಾ ನನ್ನ ಕೈಯಿಂದ ಕೋಲು ಕಿತ್ತುಕೊಂಡರು. ಅಕ್ಷತೆಯ ಪರಾತ ತಂದು, "ನೀ ಸರಿಯವಾ ಅತ್ತ" ಎಂದು ಒಂದು ಬೊಗಸೆ ಜೋಳ ಚೆಲ್ಲಿದರು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು!

ಪ್ಯಾಡು ಹೊಂದಿಸುವ ವಿದ್ಯೆ ಬಲ್ಲವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ: ಸೆನ್ಸಿಟಿವಿಟಿ ಎಷ್ಟಿಟ್ಟರೆ ನಾನು ಕನಿಷ್ಠ ಜೋಳದಷ್ಟಾದರೂ ಬಾರಿಸಬಲ್ಲೆ?