ಉಪಚಾರಕ್ಕೆ ಸೋತ ಎರೆಮಣ್ಣು

"ಒಲ್ಲೆ ಅನ್ನೋ ಮಣ್ಣು ಇನ್ನ ಮುಂದ ಭೂಮಿ ಮ್ಯಾಲೆ ಇರಂಗಿಲ್ಲ ವೈನಿ!" ಎಂದು ಹಿಂದಿನ ಓಣಿಯಲ್ಲಿ ಬೇರೆ ಮನೆ ಮಾಡಿಕೊಂಡಿರುವ ನನ್ನ ಮೈದುನ ಫಕ್ಕೀರಪ್ಪ ನಮ್ಮ ಹಿತ್ತಲಲ್ಲಿ ಎದೆ ಉಬ್ಬಿಸಿ ನಿಂತಿದ್ದ. ಎದುರಿಗೆ ಹಳೆಯ ಹಾಲಿನ ಕ್ಯಾನಿಗೆ ಸ್ಪೀಕರು, ಬ್ಯಾಟರಿ, ಕೊಳವೆ ಸಿಕ್ಕಿಸಿದ ಯಂತ್ರ. ಹೆಸರು ಭೂ ಉಪಚಾರಕ!

ನನಗೆ ಯಂತ್ರ ಬೇಕಿರಲಿಲ್ಲ, ಪಾಯಖಾನೆ ಬೇಕಿತ್ತು. ಚೊಚ್ಚಲ ಬಾಣಂತನಕ್ಕೆ ಮಗಳು ನೀಲಾ ಅಂದೇ ಸಂಜೆಯ ಬಸ್ಸಿಗೆ ಬರುವವಳಿದ್ದಳು. ಗೋಡೆ, ಬಾಗಿಲು, ಬೇಸಿನ್ ಎಲ್ಲ ಸಿದ್ಧ. ಇಂಗುಗುಂಡಿಗೆ ಸೋಮವಾರ ಸುರಿದ ನೀರು ಮಾತ್ರ ಹಾಗೇ ನಿಂತು ಮುಗಿಲು ನೋಡುತ್ತಿತ್ತು. "ಎರಿ ಮಣ್ಣು ನೀರು ಕುಡಿಯಂಗಿಲ್ರಿ ಅಕ್ಕಾರ. ಸಿಮೆಂಟಿನ ದೊಡ್ಡ ಟಾಕಿ ಕಟ್ಟಬೇಕು," ಎಂದಿದ್ದ ಗುತ್ತಿಗೆದಾರ. ಅವನು ಕೇಳಿದ ರೊಕ್ಕಕ್ಕೆ ಎಮ್ಮೆ ಮಾರಬೇಕಿತ್ತು. ಬಾಣಂತಿ ಬರುವ ಮನೆಯಲ್ಲಿ ಹಾಲಿನ ಎಮ್ಮೆ ಮಾರುವುದೇ? ಬೆಳಗಿನಿಂದ ಕೂತಲ್ಲಿ ಕೂರಲಾಗದೆ ಹಿತ್ತಲಿಗೂ ತಲಬಾಗಿಲಿಗೂ ಓಡಾಡುತ್ತಿದ್ದೆ.

ಫಕ್ಕೀರಪ್ಪ ಸ್ವಿಚ್ ಒತ್ತಿದ.

"ಇನ್ನೊಂದ್ ಸ್ವಲ್ಪ! ನಾಚಬ್ಯಾಡ್ರಿ! ನನ್ನ ಆಣಿ ಐತಿ!" ಎಂದಿತು ಯಂತ್ರ. ನನ್ನದೇ ಧ್ವನಿ!

"ನಿನ್ನ ಬಾಯಾಗ ಮಣ್ಣ ಹಾಕಲಿ! ನನ್ನ ಧ್ವನಿ ಯಾವಾಗ ಕದ್ದಿ?"

"ನೀಲಾನ ಬಸಿರಿನ ಕುಬಸದ ಊಟದಾಗ್ರಿ. ನಿಮ್ಮ ಒತ್ತಾಯಕ್ಕ ಬೀಗರು ಸಾಕ ಸಾಕ ಅಂದ್ಕೋತ ಹೋಳಿಗಿ ತಿಂದ್ರು. ಮಣ್ಣು ಯಾವ ಲೆಕ್ಕ?"

ಗುಂಡಿಯ ನೀರು ಗುಳುಗುಳು ಎಂದು ಇಳಿದುಹೋಯಿತು! ಒಂದು ಕೊಡ ಸುರಿದೆ, ಅದೂ ಹೋಯಿತು. ನನಗೆ ಕುಣಿಯುವಷ್ಟು ಸಂತೋಷ. ಆದರೆ ನನ್ನ ಧ್ವನಿ ನಿಲ್ಲಲಿಲ್ಲ, ಮಣ್ಣೂ ನಿಲ್ಲಲಿಲ್ಲ. ಹಂಡೆ ಬರಿದಾಯಿತು. ಯಜಮಾನರ ಬಸಿಯಲ್ಲಿದ್ದ ಚಹಾ ಅವರ ಮೀಸೆ ಸವರಿ ಹಿತ್ತಲಿಗೆ ಹಾರಿತು. ಹಿಂಡುತ್ತಿದ್ದ ಎಮ್ಮೆಯ ಹಾಲು ಚರಿಗೆ ಬಿಟ್ಟು ಓರೆಯಾಗಿ ಗುಂಡಿಯತ್ತ ಹರಿಯಿತು!

"ನನ್ನ ತೊಟ್ಟಿ ನೀರು ಎಲ್ಲಿ ಹೋತು?" ಎಂದು ಪಕ್ಕದ ಮನೆಯ ಗುರುಶಾಂತವ್ವ ಗೋಡೆಯಾಚೆಯಿಂದ ಬೊಬ್ಬೆ ಹಾಕಿದಳು.

"ಬಂದ್ ಮಾಡೋ ಮಾರಾಯಾ!" ಎಂದು ಮೈದುನನಿಗೆ ಚೀರಿದೆ.

"ಬಂದ್ ಮಾಡೇನ್ರಿ! ನಿಮ್ಮ ಧ್ವನಿ ನಿಂದ್ರವಲ್ದು!"

"ಊಟಕ್ಕ ಕೂತವರು ಸಾಕಾದ್ರ ಏನ್ ಮಾಡ್ತಾರ? ಎಲಿ ಮ್ಯಾಲೆ ಕೈ ಅಡ್ಡ ಹಿಡೀತಾರ. ಹಿಡಿ!"

ಫಕ್ಕೀರಪ್ಪ ಎರಡೂ ಕೈ ಚಾಚಿ ಗುಂಡಿಗೆ ಅಡ್ಡ ಬೋರಲು ಬಿದ್ದ. ಯಂತ್ರ ತೆಪ್ಪಗಾಯಿತು. ಒಳಗಿನಿಂದ ಭರ್ಜರಿ ತೇಗು ಬಂದು ಅವನ ಟೊಪ್ಪಿಗೆ ಬೇವಿನ ಮರ ಹತ್ತಿತು.

ಸಂಜೆ ನೀಲಾ ಬಂದಳು. ದಾರಿಯುದ್ದಕ್ಕೂ ತಡೆದುಕೊಂಡವಳು ಚೀಲ ಇಳಿಸಿ ನೆಟ್ಟಗೆ ಹಿತ್ತಲಿಗೆ ನಡೆದಳು. ನೀರು ಸುರಿದ ಸದ್ದು, ಸಲೀಸಾಗಿ ಇಳಿದ ಸದ್ದು ಎರಡೂ ಕೇಳಿದವು. ಎಮ್ಮೆ ಉಳಿಯಿತು ಎಂದು ಕೈ ಮುಗಿದೆ.

ಅಷ್ಟರಲ್ಲಿ ಬೇಸಿನ್ನಿನ ಒಳಗಿಂದ ನನ್ನ ಧ್ವನಿ! "ನಾವಷ್ಟ ಉಂಡ್ರ ಹ್ಯಾಂಗ? ಈಗ ನೀವ ತಗೋರಿ! ಇನ್ನೊಂದ್ ಸ್ವಲ್ಪ!"

ಉಂಡ ಮನೆಗೆ ಎರಡು ಬಗೆಯಬಾರದಂತೆ. ನಮ್ಮ ಎರೆಮಣ್ಣು ಉಂಡದ್ದನ್ನೆಲ್ಲ ತಿರುಗಿ ಬಡಿಸತೊಡಗಿತು!

"ಯವ್ವಾ, ಒಲ್ಲೆ ಅಂದ್ರೂ ಬಿಡವಲ್ದು!" ಎನ್ನುತ್ತ ನೀಲಾ ಸೀರೆ ಎತ್ತಿಕೊಂಡು ಹೊರಬಂದಳು. ಚೀಲ ಎತ್ತಿಕೊಂಡವಳು ನಿಂತದ್ದು ಚಿಕ್ಕಪ್ಪನ ಮನೆಯ ಅಂಗಳದಲ್ಲೇ.

ಬಾಣಂತನ ಈಗ ಫಕ್ಕೀರಪ್ಪನ ಮನೆಯಲ್ಲಿ ನಡೆದಿದೆ. ನಾನು ದಿನಾ ಎಮ್ಮೆಯ ಹಾಲು ಹೊತ್ತು ಅಲ್ಲಿಗೆ ಹೋಗುತ್ತೇನೆ. ಅವನ ಪಾಯಖಾನೆಯದು ಗುತ್ತಿಗೆದಾರ ಕಟ್ಟಿದ ಸಿಮೆಂಟಿನ ಟಾಕಿ. ಏನು ಹಾಕಿದರೂ ತುಟಿ ಪಿಟಕ್ಕೆನ್ನುವುದಿಲ್ಲ.