ರಾಣಿ ತಪ್ಪಿ ಆಡಿದ ಮಾತು

ನಮ್ಮ ಸೋದರಮಾವ ಹನ್ನೊಂದು ಸಲ ಹೆಂಡತಿಯನ್ನು ಕೊಂದವರು. ಖಾನಾಪುರದಲ್ಲಿ ಎಂಟು ಸಲ, ನಂದಗಡದ ಸಂತೆಯ ದಿನ ಎರಡು ಸಲ, ಕೊನೆಯದು ಬೆಳಗಾವಿಯಲ್ಲಿ. ಫೌಜದಾರರೇ ಮುಂದಿನ ಸಾಲಿನಲ್ಲಿ ಕೂತು ನೋಡಿ ಚಪ್ಪಾಳೆ ತಟ್ಟಿದ್ದಾರೆ! ಏಕೆಂದರೆ ಮಾವ ನಾಟಕದ ರಾಜ. ಮಂತ್ರಿಯ ಚಾಡಿ ಕೇಳಿ ರಾಣಿಯನ್ನು ಶಂಕಿಸಿ, ವಿಷ ಕುಡಿಯಲು ಅಪ್ಪಣೆ ಕೊಡುತ್ತಾನೆ. ಆಮೇಲೆ ನಿಜ ತಿಳಿದು ಹದಿನಾರು ಸಾಲಿನ ಪದ ಹಾಡಿ ಅಳಬೇಕು.

ಆದರೆ ನಾಟಕ ಕಲಿಸುವವರೂ ಮಾವನೇ, ಅವರ ಲೆಕ್ಕಾಚಾರವೇ ಬೇರೆ. ಬೇರೆ ಕಂಪನಿಗಳಲ್ಲಿ ಮಂತ್ರಿಯೆಂದರೆ ಮೀಸೆ ತಿರುವಿ ಗಹಗಹಿಸುವವ. ಮಾವ ಆರಿಸಿದ್ದು ಇರುವೆಗೂ ದಾರಿ ಬಿಟ್ಟು ನಡೆಯುವ ಜೈನ ವ್ಯಾಪಾರಿಯೊಬ್ಬರನ್ನು.

“ಚಾಡಿ ಹೇಳೂ ಪಾರ್ಟು ನನಗ್ಯಾಕ್ರೀ?” ಎಂದು ಅವರು ಕೈಮುಗಿದರು.

“ನೀವು ಹೇಳಿದ್ರ ಯಾರಾದ್ರೂ ನಂಬತಾರ. ಮೀಸಿ ತಿರುವಾಂವನ್ನ ನಂಬಿದ್ರ ರಾಜ ಬರೇ ದಡ್ಡ ಆಗ್ತಾನ. ನನ್ನ ರಾಜ ದಡ್ಡ ಅಲ್ರೀ, ಹಟಮಾರಿ.”

ರಾಣಿಯ ಪಾತ್ರ ನಮ್ಮ ಓಣಿಯ ದರ್ಜಿ ಸಾಹೇಬರದು. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಮರಾಠಿ, ರಂಗದ ಮೇಲೆ ಕನ್ನಡ. ರಾಣಿಯ ಕುಪ್ಪಸ ತಾವೇ ಹೊಲಿದುಕೊಂಡರು. ಊರಿಗೆಲ್ಲ ಅಳತೆ ಹಿಡಿಯುವವರಿಗೆ ತಮ್ಮ ಅಳತೆಯೇ ಎರಡು ಸಲ ತಪ್ಪಿತು. ಅವರಿಗೂ ಮಾವನ ತಾಕೀತು: “ರಾಣಿ ಅಳಬಾರದು. ಬ್ಯಾಸರಾಗಿ ಎದ್ದು ಹೋಗೋರ ಹಾಂಗ ಹೋಗಬೇಕು.”

ಇನ್ನು ರಾಜ? ಆ ಹದಿನಾರು ಸಾಲನ್ನು ಮಾವ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದರು. ರಾಣಿಗೆ ಬೆನ್ನು ಮಾಡಿ ಕೂತ ರಾಜ ಕೊನೆತನಕ ತಿರುಗುವುದಿಲ್ಲ, ತುಟಿ ಬಿಚ್ಚುವುದಿಲ್ಲ. ಜನ ಪದಕ್ಕಾಗಿ ಕೂಗಿದರೂ ಇಲ್ಲ. “ತಪ್ಪು ಮಾಡಿದಾಂವ ಹಾಡಿ ಹಗುರಾಗಬಾರದು” ಎನ್ನುತ್ತಿದ್ದರು. ನಾನು ಆಗತಾನೇ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರನಾಗಿದ್ದೆ. ಪರದೆಯ ಮರೆಯಿಂದ ಮಾತು ಎತ್ತಿಕೊಡುವುದು ನನ್ನ ಕೆಲಸ. ಮಾವನಿಗೆ ಹಾಡುವ ಕಂಠವಿಲ್ಲ, ಅದಕ್ಕೇ ಈ ನೆಪ ಎಂದು ನಂಬಿದ್ದೆ.

ಬೆಳಗಾವಿಯ ಆಟದಲ್ಲಿ ದರ್ಜಿ ಸಾಹೇಬರು ವಿಷದ ಬಟ್ಟಲು ಬರಿದು ಮಾಡಿ ಕೆಳಗಿಟ್ಟರು. “ನಾಥಾ, ಇದೇ ಕೊನೆಯ ವಿದಾಯ” ಎನ್ನಬೇಕಿತ್ತು. ದೊಡ್ಡ ಊರಿನ ಜನವನ್ನು ನೋಡಿ ಮಾತು ಮರೆತರು. ನಾನು ಎತ್ತಿಕೊಡುವಷ್ಟರಲ್ಲಿ, ದಿನಾ ತಾಲೀಮು ಮುಗಿಸಿ ಮನೆಗೆ ಹೊರಡುವಾಗ ಹೇಳುವ ಮಾತೇ ಬಾಯಿಗೆ ಬಂತು.

“ಹೋಗಿ ಬರ್ತೀನ್ರೀ.”

ಸಾಯಲು ಹೊರಟವಳು ಬರುತ್ತೇನೆ ಎಂದರೆ ಜನ ಬಿಡುತ್ತಾರೆಯೇ? “ಯಾವ ಗಾಡಿಗೆ ಬರ್ತಿ ಬೇ?” ಎಂದು ಹಿಂದಿನಿಂದ ಒಬ್ಬ ಕೇಳಿದ. ಥಿಯೇಟರಿಗೆ ಥಿಯೇಟರೇ ನಕ್ಕಿತು. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ.

ಮಾವ ತಿರುಗಿದರು. ಹನ್ನೊಂದು ಆಟಗಳಲ್ಲಿ ಮೊದಲ ಸಲ ರಾಜ ರಾಣಿಯ ಮುಖ ನೋಡಿದ.

“ಹೂಂ. ಹೋಗಿ ಬಾ,” ಎಂದರು. “ಲಗೂನ ಬಾ.”

ನಗು ನಿಂತುಹೋಯಿತು.

ಈ ನಾಟಕಕ್ಕೂ ಮುಂಚೆ, ಊರೂರಲ್ಲಿ ಕೆಟ್ಟ ಜ್ವರ ಹಬ್ಬಿದ ವರ್ಷ, ಮಾವನ ಹೆಂಡತಿ, ನಮ್ಮ ಅತ್ತೆ, ತಾಯಿಯ ಆರೈಕೆಗೆಂದು ತವರೂರು ಹಲಸಿಗೆ ಹೊರಟಿದ್ದಳು. ಹಿಂದಿನ ದಿನ ಯಾರದೋ ಮಾತು ಕೇಳಿ ಮಾವ ಅವಳೊಡನೆ ಜಗಳವಾಡಿದ್ದರು. ಹೊಸ್ತಿಲಲ್ಲಿ ನಿಂತು ಅವಳು ಎರಡು ಸಲ “ಹೋಗಿ ಬರ್ತೀನ್ರೀ” ಎಂದಳು. ಮಾವ ಬೆನ್ನು ಮಾಡಿ ಕೂತೇ ಇದ್ದರು. ಹಲಸಿಯಿಂದ ಅತ್ತೆಯ ಸಾವಿನ ಸುದ್ದಿ ಬಂತು, ಅತ್ತೆ ಬರಲಿಲ್ಲ. ಅಂದು ನಾನೂ ಆ ಮನೆಯಲ್ಲೇ ಇದ್ದೆ. ಕಣ್ಣಾರೆ ಕಂಡೂ ಮಾವನಿಗೆ ಕಂಠವಿಲ್ಲ ಎಂದುಕೊಂಡಿದ್ದೆನಲ್ಲ, ಆ ನಾಚಿಕೆ ನನಗಿನ್ನೂ ಇದೆ.

ಆಟ ಮುಗಿದ ಮೇಲೆ ದರ್ಜಿ ಸಾಹೇಬರು ಸೀರೆಯಲ್ಲೇ ಓಡಿಬಂದರು. “ಮಾಫ್ ಮಾಡ್ರೀ, ಬಾಯಿ ತಪ್ಪಿತು. ಮುಂದಿನ ಆಟದಾಗ ಹಿಂಗಾಗೂದಿಲ್ಲ.”

ಮಾವ ಬಣ್ಣ ಒರೆಸಿಕೊಳ್ಳುತ್ತ ಅಳುತ್ತಿದ್ದರು.

“ಮುಂದಿನ ಆಟ ಇಲ್ರೀ ಸಾಹೇಬ್ರ,” ಎಂದರು. “ನಾ ಹೇಳಬೇಕಾದ್ದು ಹೇಳಿ ಆತು.”