ಕಾರಿಗೂ ಒಂದು ಮೂಗು

ಮೇಷ್ಟರಾದವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ಯಾರೂ ಕೇಳದಿದ್ದರೂ ವಿವರಿಸುವುದು. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನನಗೆ ಅದು ತುಸು ಹೆಚ್ಚಾಗಿಯೇ ಅಂಟಿತ್ತು. ಮನೆಯಲ್ಲಿ ಅನ್ನ ಸೀದುಹೋದರೆ ಹೆಂಡತಿ ರತ್ನಳಿಗೆ ಶಾಖ ಹರಡುವ ಬಗೆಯನ್ನು ತಿಳಿಸುತ್ತಿದ್ದೆ. ಅವಳು ಎಲ್ಲ ಕೇಳಿಸಿಕೊಂಡು ಸೀದ ಅನ್ನವನ್ನು ನನ್ನ ತಟ್ಟೆಗೇ ಬಡಿಸುತ್ತಿದ್ದಳು. ಇದರ ಜೊತೆಗೆ ಇನ್ನೊಂದು ಚಟ, ಬೇರೆಯವರ ಮೂಢನಂಬಿಕೆ ಕಂಡು ನಗುವುದು. ಈ ಚಟಕ್ಕೆ ನಮ್ಮೂರಿಗಿಂತ ಅನುಕೂಲವಾದ ಊರು ಇನ್ನೊಂದಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟವರ ಕುರ್ಚಿ ಹೋಗುತ್ತದೆ ಎಂಬ ಮಾತನ್ನು ನಂಬಿಕೊಂಡು ದೊಡ್ಡ ಕುರ್ಚಿಯವರು ಊರ ಕಡೆಗೆ ತಲೆಹಾಕಿಯೂ ಮಲಗುತ್ತಿರಲಿಲ್ಲ. ಅಷ್ಟು ಓದಿದವರು, ಅಷ್ಟು ಪೊಲೀಸರನ್ನು ಸುತ್ತ ಇಟ್ಟುಕೊಂಡವರು, ಒಂದು ಊರಿನ ಹೆಸರಿಗೆ ಹೆದರುವುದೇ ಎಂದು ಸ್ಟಾಫ್ ರೂಮಿನಲ್ಲಿ ನಾನು ನಕ್ಕರೆ ಪಕ್ಕದ ಕೋಣೆಯ ಪಾಠ ನಿಲ್ಲುತ್ತಿತ್ತು.

ಸೆಕೆಂಡ್ ಹ್ಯಾಂಡ್ ಕಾರುಗಳು ಮೇಷ್ಟರ ಮನೆಗಳಿಗೂ ಬರತೊಡಗಿದ್ದ ಕಾಲ ಅದು. ಮೈಸೂರಿನ ಡಾಕ್ಟರೊಬ್ಬರು ಓಡಿಸಿ ಸಾಕಾಗಿ ಮಾರಿದ ಪುಟ್ಟ ಬಿಳಿ ಕಾರೊಂದು ನಮ್ಮ ಮನೆಗೂ ಬಂತು. ಬಂದ ವಾರವೇ ಎಂಜಿನ್ನಿನ ಬಗ್ಗೆ ಒಂದು ಪುಸ್ತಕ ಕೊಂಡು ಓದಿದೆ. ಓಡಿಸುವುದನ್ನು ಕಲಿಯುವ ಮೊದಲೇ ವಿವರಿಸುವುದನ್ನು ಕಲಿತೆ ಎಂದು ರತ್ನ ಈಗಲೂ ಹೇಳುತ್ತಾಳೆ. ನನ್ನ ಷಡ್ಡಕ, ಅಂದರೆ ರತ್ನಳ ಅಕ್ಕನ ಗಂಡ ಬೇಗೂರಿನ ನಾಗಪ್ಪ, ಜೀಪಿಟ್ಟುಕೊಂಡು ಚೆಂಡುಹೂವಿನ ಮೂಟೆ ಸಾಗಿಸುವವನು. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಚಕ್ರವನ್ನು ಕಾಲಲ್ಲಿ ಒದ್ದು, "ಸಕ್ಕರೆ ಡಬ್ಬಕ್ಕೆ ಚಕ್ರ ಇಕ್ದಂಗದೆ ಮೇಷ್ಟ್ರೆ. ಇದು ಗೋಪಾಲಸ್ವಾಮಿ ಬೆಟ್ಟ ಹತ್ತಾದುಂಟಾ?" ಎಂದ. ಹತ್ತುತ್ತದೆ ಎಂದೆ. "ಹತ್ಲಿ ಬುಡಿ. ನಾನೂ ಹಿಂದ್ಗುಟ್ಟೆ ಬತ್ತೀನಿ, ಹಗ್ಗ ತಕ್ಕಂಡು" ಎಂದ. ಇದನ್ನು ಅವನು ಹೇಳಿದ್ದು ಭೀಮನಬೀಡಿನ ನಮ್ಮ ಮಾವನ ಮನೆಯ ಜಗುಲಿಯಲ್ಲಿ, ಮಾವನ ಎದುರಿಗೇ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಜೀಪಿನ ಅಳಿಯನಿಗೆ ಕೋಳಿಯ ತೊಡೆಯೂ ಪುಸ್ತಕದ ಅಳಿಯನಿಗೆ ಕತ್ತೂ ಬೀಳುತ್ತಿದ್ದವು. ಈ ಕಾರು ಬೆಟ್ಟ ಹತ್ತಿದರೆ ಆ ಲೆಕ್ಕ ತಿರುವುಮುರುವಾಗುತ್ತದೆ ಎಂಬುದು ನನ್ನ ಒಳ ಆಸೆ.

ಬೆಟ್ಟಕ್ಕೆ ಹೊರಡುವ ಹಿಂದಿನ ಸಂಜೆ ಮಾವ ಪುಟ್ಟಮಾದಪ್ಪನವರು ಕಾರಿನ ಹತ್ತಿರ ಬಂದು ನಿಂತರು. ನಾನು ಬಾನೆಟ್ ಎತ್ತಿ ಶುರುಮಾಡಿದೆ. ಕಾರು ಕುಡಿಯುವುದು ಪೆಟ್ರೋಲನ್ನು ಎಂದು ಜನ ತಿಳಿದಿದ್ದಾರೆ. ನಿಜವಾಗಿ ಅದು ಬದುಕುವುದು ಗಾಳಿಯ ಮೇಲೆ. ಒಂದು ತೂಕ ಪೆಟ್ರೋಲು ಚೆನ್ನಾಗಿ ಉರಿಯಲು ಅದರ ಹದಿನೈದರಷ್ಟು ತೂಕದ ಗಾಳಿ ಬೇಕು. ಮುಂದಿನ ಜಾಲರಿಯ ಹಿಂದಿರುವ ಈ ಕೊಳವೆಯಿಂದ ಗಾಳಿ ಒಳಬರುತ್ತದೆ, ಈ ಡಬ್ಬಿಯೊಳಗಿನ ಕಾಗದದ ಫಿಲ್ಟರಿನಲ್ಲಿ ಧೂಳು ಬಿಟ್ಟು, ಕಾರ್ಬುರೇಟರಿನಲ್ಲಿ ಪೆಟ್ರೋಲು ಬೆರೆಸಿಕೊಂಡು ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ. ಗಾಳಿ ಕಡಿಮೆಯಾಯಿತೋ, ಪೆಟ್ರೋಲು ಅರೆಬರೆ ಉರಿದು ಕರಿಹೊಗೆ ಬರುತ್ತದೆ, ಗಾಡಿಗೆ ಕಸುವಿರುವುದಿಲ್ಲ. ಮಾವ ಎಲೆಅಡಿಕೆ ಮೆಲ್ಲುತ್ತ ಆ ಕೊಳವೆಯ ಬಾಯನ್ನೇ ನೋಡುತ್ತಿದ್ದರು. "ಅಂಗಾರೆ ಇದು ಇದ್ರ ಮೂಗು ಅನ್ನಿ" ಎಂದರು. ಹೌದು ಮಾವ, ಮೂಗೇ ಎಂದೆ. "ಜೀವ ಇರಾದು ಇಲ್ಲೇಯಾ?" ಇಲ್ಲೇ ಎಂದೆ. ಹೇಳಿದ ಪಾಠ ಒಂದೇ ಸಲಕ್ಕೆ ಒಬ್ಬರಿಗೆ ಅರ್ಥವಾದದ್ದು ನನ್ನ ಸರ್ವೀಸಿನಲ್ಲೇ ಮೊದಲು. ಆ ಸಂತೋಷದಲ್ಲಿ ರಾತ್ರಿ ಎರಡು ಮುದ್ದೆ ಜಾಸ್ತಿ ಉಂಡೆ.

ಬೆಳಿಗ್ಗೆ ಮಾವ ನನ್ನ ಪಕ್ಕ, ರತ್ನ ಮತ್ತು ಅತ್ತೆ ಹಿಂದೆ ಕೂತರು. ಹಿಂದುಗಡೆ ನಾಗಪ್ಪನ ಜೀಪು. ಗುಂಡ್ಲುಪೇಟೆ ದಾಟುವಾಗಲೇ ಕಾರು ಯಾಕೋ ಮಂಕಾಗಿತ್ತು. ಹಂಗಳದ ಹತ್ತಿರ ಒಂದು ಎತ್ತಿನಗಾಡಿಯನ್ನು ಹಿಂದೆ ಹಾಕಲು ಬಹಳ ಹೊತ್ತು ಹಿಡಿಯಿತು. ಗಾಡಿಯವನು ನಮ್ಮ ಜೊತೆ ಊರು, ಮನೆ ಎಲ್ಲ ವಿಚಾರಿಸಿಕೊಂಡ. "ಅಳಿಯಂದ್ರೆ, ನಾನೊಂದ ಹೇಳನ ಅಂತಿದ್ದೆ, ಆ ಮೂಗ್ಗೆ..." ಎಂದು ಮಾವ ಬಾಯಿ ತೆರೆದರು. ಮೂಗು ಎಂದ ಕೂಡಲೇ ನನಗೆ ಹುಮ್ಮಸ್ಸು ಬಂದು ಹಿಂದಿನ ಸಂಜೆ ಬಿಟ್ಟುಹೋಗಿದ್ದ ಭಾಗವನ್ನೆಲ್ಲ ಹೇಳಿದೆ. ಅವರು ಬಾಯಿ ಮುಚ್ಚಿಕೊಂಡರು.

ಬೆಟ್ಟದ ದಾರಿಯಲ್ಲಿ ಮಂಜು ಇಳಿದಿತ್ತು. ಒಂದು ತಿರುವು ಹತ್ತುವುದರೊಳಗೆ ಕಾರು ಕೆಮ್ಮತೊಡಗಿತು, ಎರಡನೆಯದಕ್ಕೆ ಹಿಂದೆಲ್ಲ ಕರಿಹೊಗೆ ತುಂಬಿತು, ಮೂರನೆಯದರಲ್ಲಿ ನಿಂತೇಹೋಯಿತು. ಎಲ್ಲರೂ ಇಳಿದೆವು. ನಾಗಪ್ಪ ಜೀಪಿನಲ್ಲೇ ಕೂತು ಬೀಡಿ ಹಚ್ಚಿದ. ನನಗೆ ಅಳುವೇ ಬರುವಂತಾಗಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಉಸಿರು ಸಾಲದೆ ಹೀಗಾಗುತ್ತದೆ, ಇಲ್ಲಿ ಗಾಳಿ ಕಡಿಮೆ ಎಂದು ವಿವರಿಸಿದೆ. ನಾನು ಹೇಳುತ್ತಿದ್ದಂತೆಯೇ ಮಾವನ ಹೆಗಲಿನ ಟವಲು ಹಾರಿಹೋಗಿ ಲಂಟಾನದ ಪೊದೆಗೆ ಸಿಕ್ಕಿಕೊಂಡಿತು. ಅತ್ತೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ಗಾಳಿ ಕಮ್ಮಿ ಅದೆ ಅಂತ ಕಣಮ್ಮಿ" ಎಂದು ಮಾವ ಮಗಳಿಗೆ ಹೇಳಿ ಟವಲು ತರಲು ಹೋದರು.

ಬೇರೆ ದಾರಿಯಿಲ್ಲದೆ ಬಾನೆಟ್ ಎತ್ತಿದೆ. ಕಾರಿನ ಮೂಗಿಗೆ, ಅಂದರೆ ಆ ಕೊಳವೆಯ ಬಾಯಿಗೆ, ಅರಿಶಿನದಲ್ಲಿ ಅದ್ದಿದ ಬಟ್ಟೆಯೊಂದನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿತ್ತು. ಗಂಟಿನಲ್ಲಿ ಒಂದು ರೂಪಾಯಿಯ ನಾಣ್ಯ. ಮಂಜಿಗೆ ನೆನೆದು ಬಟ್ಟೆ ತೊಗಲಿನ ಹಾಗೆ ಅಂಟಿಕೊಂಡಿತ್ತು. ಹರಕೆ ಹೊತ್ತು ಕಾಸು ಕಟ್ಟುವ ಮುಡಿಪು ಅದು. "ಬೆಳಗಾಗ ಮಿಂದ್ಕಂಡು ನಾನೇ ಕಟ್ಬುಟ್ಟೆ" ಎಂದರು ಮಾವ. "ಗಾಡಿ ತೊಂದ್ರೆ ಇಲ್ದೆ ಬೆಟ್ಟ ಹತ್ಲಿ ಅಂತ. ಎತ್ಗಾದ್ರೆ ಕೊಂಬ್ಗೆ ಕಟ್ತೀವಿ, ಇದ್ಕೆ ಕೊಂಬೆಲ್ಲದೆ? ನೀವೇ ಅಲ್ವ ಹೇಳುದ್ದು, ಜೀವ ಇರಾದು ಇಲ್ಲೇ ಅಂತ. ದಾರೀಲಿ ಹೇಳನ ಅಂದ್ರೆ ನೀವು ಬುಡ್ನಿಲ್ಲ."

ಬಿಚ್ಚಿಬಿಡುತ್ತೇನೆ ಮಾವ, ಗಾಡಿ ಈಗಲೇ ಹತ್ತುತ್ತದೆ ಎಂದೆ. ಅತ್ತೆಯ ಮುಖ ಬಿಳಿಚಿತು. "ಉಂಟಾ? ಮುಡಿಪ್ನ ದೇವ್ರ ಮುಂದ್ಗಡೆನೇ ಬಿಚ್ಬೇಕು" ಎಂದರು ಮಾವ. ಆದರೆ ತಡೆಯಲು ಅವರು ಮುಂದೆ ಬರಲಿಲ್ಲ. ನಾಗಪ್ಪ ಬೀಡಿ ಎಸೆದು ಹತ್ತಿರ ಬಂದ. "ಬಿಚ್ಚಿ ಅತ್ಲಾಗೆ ಮೇಷ್ಟ್ರೆ. ನೀವು ಇವ್ನೆಲ್ಲ ನಂಬದೆ ಇರೋರು" ಎಂದ. ರತ್ನ ನನ್ನನ್ನೇ ನೋಡುತ್ತಿದ್ದಳು. ಗಂಟು ನನ್ನ ಬೆರಳಿನ ಹತ್ತಿರವೇ ಇತ್ತು. ಬಿಚ್ಚಿದರೆ ಕಾರು ಹತ್ತುತ್ತದೆ, ನಾಗಪ್ಪನ ಬಾಯಿ ಮುಚ್ಚುತ್ತದೆ. ಹದಿನೈದು ಪಾಲು ಗಾಳಿ ನನಗೆ ಗೊತ್ತು. ಆದರೆ ಆ ಹೊತ್ತಿಗೆ ನನ್ನ ಕಣ್ಣಿಗೆ ಬಿದ್ದದ್ದು ತಿರುವಿನ ಆಚೆಯ ಪ್ರಪಾತ. ಬರುವಾಗ ಇಳಿಜಾರು, ಹಳೆಯ ಬ್ರೇಕು, ಹಿಂದೆ ರತ್ನ. ಕೈ ಗಂಟಿನವರೆಗೆ ಹೋಗಿ ವಾಪಸ್ಸು ಬಂತು. "ಹಿರಿಯರ ಮನಸ್ಸು ನೋಯಿಸಬಾರದು" ಎಂದೆ. ಮಾತು ನನಗೇ ಬಹಳ ಸೊಗಸಾಗಿ ಕೇಳಿಸಿತು. ನಾಗಪ್ಪ ಜೀಪನ್ನು ಮುಂದಕ್ಕೆ ತಂದು ಹಗ್ಗ ಬಿಗಿದ.

ಕಾಯಿಲೆ ಏನೆಂದು ಗೊತ್ತಿದ್ದು, ಮದ್ದು ಬೆರಳ ತುದಿಯಲ್ಲಿದ್ದು, ಚೆಂಡುಹೂವು ಕಟ್ಟುವ ಹಗ್ಗದಲ್ಲಿ ಎಳೆಸಿಕೊಂಡು ನಾನು ಬೆಟ್ಟ ಹತ್ತಿದೆ. ಇಳಿದು ಬರುತ್ತಿದ್ದವರೆಲ್ಲ ನಿಂತು ನೋಡಿದರು. ದೇವರ ಮುಂದೆ ಕಾಯಿ ಒಡೆದು, ಮುಡಿಪು ಬಿಚ್ಚಿ, ಕಾಸನ್ನು ಹುಂಡಿಗೆ ಹಾಕಿದ್ದಾಯಿತು. ಆಮೇಲೆ ಕೀಲಿ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಗುಟುರು ಹಾಕಿತು. ಹಾಕದೆ ಏನು ಮಾಡೀತು, ಮೂಗು ಬಿಟ್ಟಿತ್ತಲ್ಲ. ಮಾವ ಕೈಮುಗಿದು, "ನೋಡುದ್ರಾ? ಹರಕೆ ತೀರ್ತಿದ್ದಂಗೆ ಸರ್ಯಾಗೋಯ್ತು" ಎಂದರು. ನಾನು ಬಾಯಿ ತೆರೆದೆ. ರತ್ನ ನನ್ನ ಕಡೆ ನೋಡಿದಳು, ಮುಚ್ಚಿಕೊಂಡೆ. ಭೀಮನಬೀಡಿನಲ್ಲಿ ಈಗ ಯಾರು ಹೊಸ ಗಾಡಿ ತಂದರೂ ಮೊದಲು ಅದರ ಮೂಗು ಯಾವುದೆಂದು ಕೇಳುತ್ತಾರಂತೆ. ಕೋಳಿಯ ಲೆಕ್ಕ ಹಿಂದಿನಂತೆಯೇ ನಡೆದಿದೆ.

ಸ್ಟಾಫ್ ರೂಮಿನಲ್ಲಿ ಈಗಲೂ ಆ ಕುರ್ಚಿಯ ಮಾತು ಬರುತ್ತದೆ. ನಮ್ಮೂರಿಗೆ ಬರಲು ಹೆದರುವ ದೊಡ್ಡವರನ್ನು ಎಲ್ಲರೂ ಹಾಸ್ಯ ಮಾಡುತ್ತಾರೆ, ಹಳೆಯ ಅಭ್ಯಾಸದಿಂದ ನನ್ನ ಕಡೆ ತಿರುಗಿ ನಗುವಿಗೆ ಕಾಯುತ್ತಾರೆ. ನಾನು ಪೇಪರು ಓದುತ್ತಿರುತ್ತೇನೆ. ಅವರಿಗಾದರೂ ಕಳೆದುಕೊಳ್ಳಲು ಒಂದು ಕುರ್ಚಿ ಇತ್ತು.